ಮೀನು ಒಂದೇ, ಕಡಲು ಹಲವು: ಬೂತಾಯಿಯ ಮೈಕಟ್ಟು ಮತ್ತು ಸಂತಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಮೀನುಗಳ ಬಗ್ಗೆ ಬರೆಯುವವರಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬೂತಾಯಿಗೇ ಬಂದು ನಿಲ್ಲುತ್ತವೆ. ಅಡುಗೆಮನೆಯವರು ರುಚಿ ಯಾಕೆ ಬದಲಾಯಿತು ಎಂದು ಕೇಳುತ್ತಾರೆ, ಬೋಟಿನವರು ಮೀನು ಎಲ್ಲಿಗೆ ಹೋಯಿತು ಎಂದು ಕೇಳುತ್ತಾರೆ, ವಿದ್ಯಾರ್ಥಿಗಳು ಸೂತ್ರ ಕೇಳುತ್ತಾರೆ. ಮೂವರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ: ಆ ಮೀನು ಯಾವ ನೀರಿನಲ್ಲಿ, ಯಾವ ತಿಂಗಳಲ್ಲಿ, ಏನು ತಿಂದು ಬೆಳೆಯಿತು ಎಂಬುದರಲ್ಲಿ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆರೆಸುವಂಥವು ಆಮೇಲೆ.

## ಮೀನಿನ ಪರಿಚಯ

ಬೂತಾಯಿ, ಬೈಗೆ, ತಾರ್ಲೆ, ಮತ್ತಿ ಎಲ್ಲ ಒಂದೇ ಮೀನೇ?

ಒಂದೇ. ಮಂಗಳೂರು, ಉಡುಪಿ ಕಡೆ ಬೂತಾಯಿ, ಕುಂದಾಪುರದಲ್ಲಿ ಬೈಗೆ, ಕಾರವಾರ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ. ವಿಜ್ಞಾನದ ಪುಸ್ತಕದಲ್ಲಿ ಇದು ಸಾರ್ಡಿನೆಲ್ಲ ಲಾಂಗಿಸೆಪ್ಸ್. ಇದೇ ಕುಟುಂಬದ ಬೇರೆ ಸಾರ್ಡೀನ್‌ಗಳೂ ನಮ್ಮ ಬಲೆಗೆ ಬೀಳುತ್ತವೆ. ಮಾರುಕಟ್ಟೆಯ ಬುಟ್ಟಿಯಲ್ಲಿ ಬೂತಾಯಿಯ ಜೊತೆ ಬೆರೆತೂ ಇರುತ್ತವೆ. ಅನುಮಾನವಿದ್ದರೆ ತಲೆ ನೋಡಿ: ಬೂತಾಯಿಯ ತಲೆ ಉಳಿದ ಸಾರ್ಡೀನ್‌ಗಳದ್ದಕ್ಕಿಂತ ಉದ್ದ. ಕಿವಿರಿನ ಮುಚ್ಚಳ ಎತ್ತಿದರೆ ಕೆಳಗಿನ ಕಮಾನಿನಲ್ಲಿ ಒತ್ತಾಗಿ ಜೋಡಿಸಿದ ನೂರೈವತ್ತಕ್ಕೂ ಹೆಚ್ಚು ಸಪೂರ ಎಳೆಗಳು ಕಾಣುತ್ತವೆ. ನೀರು ಸೋಸಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು, ಹಿಡಿಯುವ ಜಾಲರಿ ಅದು. ಮುಂದೆ ಬರುವ ಬಹುತೇಕ ಸಂಗತಿಗಳ ಬೇರು ಆ ಜಾಲರಿಯಲ್ಲಿದೆ, ಆದ್ದರಿಂದ ನೆನಪಿನಲ್ಲಿಟ್ಟುಕೊಳ್ಳಿ.

ಎಷ್ಟು ವರ್ಷ ಬದುಕುತ್ತದೆ? ಎಷ್ಟು ದೊಡ್ಡದಾಗುತ್ತದೆ?

ಎರಡೂವರೆ, ಹೆಚ್ಚೆಂದರೆ ಮೂರು ವರ್ಷ. ಉದ್ದ 20 ಸೆಂ.ಮೀ. ದಾಟುವುದು ಅಪರೂಪ. ಹುಟ್ಟಿದ ಮೊದಲ ವರ್ಷದಲ್ಲೇ 14–15 ಸೆಂ.ಮೀ. ಬೆಳೆದು ಮೊಟ್ಟೆಯಿಡಲು ತಯಾರಾಗುತ್ತದೆ. ಇಷ್ಟು ಚಿಕ್ಕ ಬಾಳಿನ ಮೀನಿಗೆ ಒಂದು ಮಳೆಗಾಲ ಕೈಕೊಟ್ಟರೆ ಅರ್ಧ ಬದುಕೇ ಕೈಕೊಟ್ಟ ಹಾಗೆ. ಹತ್ತಾರು ವರ್ಷ ಬಾಳುವ ಮೀನುಗಳಿಗೆ ಒಂದು ಕೆಟ್ಟ ವರ್ಷವನ್ನು ಕಾದು ಕಳೆಯುವ ಅವಕಾಶವಿದೆ, ಬೂತಾಯಿಗೆ ಇಲ್ಲ.

ಒಂದು ತಿಂಗಳು ಬೂತಾಯಿ ಬಾಣಲೆಯಲ್ಲಿ ತನ್ನದೇ ಎಣ್ಣೆ ಬಿಡುತ್ತದೆ, ಇನ್ನೊಂದು ತಿಂಗಳು ಒಣ ಒಣ. ಮಾರುವವರು ಮೋಸ ಮಾಡುತ್ತಾರೆಯೇ?

ಇಲ್ಲ, ಈ ವಿಷಯದಲ್ಲಿ ಅವರ ತಪ್ಪಿಲ್ಲ. ಬೂತಾಯಿಯ ಮೈಯಲ್ಲಿರುವ ಕೊಬ್ಬು ತಿಂಗಳಿನಿಂದ ತಿಂಗಳಿಗೆ ವಿಪರೀತ ಏರಿಳಿಯುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಶೇ 5ಕ್ಕಿಂತ ಕೆಳಗಿಳಿಯುವ ಕೊಬ್ಬು ಮಳೆಗಾಲ ಮುಗಿದು ಮೇವು ತಿಂದು ಕೊಬ್ಬಿದ ಮೇಲೆ ಶೇ 15 ದಾಟುತ್ತದೆ. ಕೂಡಿಟ್ಟ ಕೊಬ್ಬನ್ನೆಲ್ಲ ಮೀನು ಮಳೆಗಾಲದಲ್ಲಿ ಮೊಟ್ಟೆಗೆ, ವೀರ್ಯಕ್ಕೆ ಸುರಿಯುತ್ತದೆ. ಅದೇ ಮಳೆಗಾಲದ ನೀರಿನಲ್ಲಿ ಬೆಳೆದ ಪ್ಲವಕವನ್ನು ತಿಂದು ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಮತ್ತೆ ಮೈ ತುಂಬಿಕೊಳ್ಳುತ್ತದೆ. ಹಿಂದೆ ದೋಣಿಯ ಹಲಗೆಗೆ ಬಳಿಯುತ್ತಿದ್ದ ಮೀನೆಣ್ಣೆ ತೆಗೆಯುತ್ತಿದ್ದುದು ಈ ಮೈ ತುಂಬಿದ ಮೀನಿನಿಂದಲೇ. ಪುಳಿಮುಂಚಿಗೆ ಯಾವ ಬೂತಾಯಿಯಾದರೂ ಸರಿ ಎನ್ನುವವರಿದ್ದಾರೆ. ನಾನು ಆ ಪಂಗಡದವನಲ್ಲ. ದೀಪಾವಳಿಯ ಆಸುಪಾಸಿನ ಬೂತಾಯಿಗೆ ಸಮ ಬೇರಿಲ್ಲ.

ಮೊಟ್ಟೆಯಿಡುವುದು ಯಾವಾಗ? ಎಷ್ಟು ಮೊಟ್ಟೆ?

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಖ್ಯವಾಗಿ ಜೂನ್‌ನಿಂದ ಆಗಸ್ಟ್. ಕೆಲವು ವರ್ಷ ಸ್ವಲ್ಪ ಹಿಂದೆ ಮುಂದೆ. ಬಲಿತ ಒಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಹತ್ತಾರು ಸಾವಿರ ಮೊಟ್ಟೆಗಳಿರುತ್ತವೆ. ಗೂಡಿಲ್ಲ, ಕಾವಲಿಲ್ಲ. ಹೆಣ್ಣು ನೀರಿಗೆ ಮೊಟ್ಟೆ ಬಿಡುತ್ತದೆ, ಗಂಡು ವೀರ್ಯ ಬಿಡುತ್ತದೆ, ತೇಲುವ ಮೊಟ್ಟೆ ನಮ್ಮ ಬೆಚ್ಚಗಿನ ನೀರಿನಲ್ಲಿ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಮೂರು ನಾಲ್ಕು ದಿನದೊಳಗೆ ಬಾಯಿಗೆ ಹಿಡಿಯುವಷ್ಟು ಸಣ್ಣ ಮೇವು ಸಿಗಲೇಬೇಕು. ಸಿಗದಿದ್ದರೆ ಆ ಸಾವಿರಗಳ ಲೆಕ್ಕಕ್ಕೆ ಅರ್ಥವೇ ಇಲ್ಲ.

## ಕರಾವಳಿಯಿಂದ ಕರಾವಳಿಗೆ

ಕೇರಳದ ಮತ್ತಿಯೇ ರುಚಿ ಎನ್ನುತ್ತಾರೆ. ನಮ್ಮದಕ್ಕೂ ಅದಕ್ಕೂ ನಿಜವಾಗಿ ವ್ಯತ್ಯಾಸವಿದೆಯೇ?

ಜಾತಿ ಒಂದೇ, ಹಿಂಡುಗಳೂ ರಾಜ್ಯದ ಗಡಿ ನೋಡಿ ಈಜುವುದಿಲ್ಲ. ಆದರೆ ನೀರು ಬೇರೆ. ನೈಋತ್ಯ ಮಾರುತ ಬೀಸತೊಡಗಿದಾಗ ಕರೆಯ, ಅಂದರೆ ದಡದ ಹತ್ತಿರದ, ಮೇಲ್ನೀರು ಹೊರಕಡಲಿನತ್ತ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಈ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುವುದರಿಂದ ಬಿಸಿಲು ತಾಗಿದ ಕೂಡಲೇ ಡಯಾಟಮ್ ಎಂಬ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಹೀಗೆ ನೀರು ಮೇಲೇಳುವುದು ಮೇ ಕೊನೆಯ ಹೊತ್ತಿಗೆ ಕನ್ಯಾಕುಮಾರಿಯ ತುದಿಯಲ್ಲಿ ಶುರುವಾಗಿ ಬಡಗಣಕ್ಕೆ ಸಾಗುತ್ತದೆ. ದಕ್ಷಿಣ ಕೇರಳದಲ್ಲಿ ಅದರ ಬಲ ಹೆಚ್ಚು. ಮಂಗಳೂರು, ಕಾರವಾರ ತಲಪುವಾಗ ತಡವೂ ಆಗಿರುತ್ತದೆ, ಬಲವೂ ಕುಗ್ಗಿರುತ್ತದೆ. ಕೇರಳದ ಮರಿಗಳಿಗೆ ಹೀಗೆ ಮೇವು ಬೇಗ ಸಿಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಘಟ್ಟದ ಮೇಲೆ ಸುರಿದ ಮಳೆ ನೇತ್ರಾವತಿ, ಶರಾವತಿ, ಕಾಳಿಯಂಥ ಗಿಡ್ಡ ನದಿಗಳಲ್ಲಿ ಧುಮುಕಿ ಕಡಲು ಸೇರುತ್ತದೆ. ಈ ಸಿಹಿನೀರು ಹಗುರವಾದ್ದರಿಂದ ಮೇಲೆಯೇ ತೆಳುವಾಗಿ ಹರಡಿಕೊಂಡು, ಕೆಳಗಿನ ನೀರಿಗೆ ಗಾಳಿ ತಾಗದಂತೆ ತಡೆಯುತ್ತದೆ. ಆಳದಿಂದ ಬಂದ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಸತ್ತ ಪ್ಲವಕ ಕೊಳೆಯುತ್ತ ಉಳಿದದ್ದನ್ನೂ ಬಳಸಿಕೊಳ್ಳುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಸಮಸ್ಯೆಯನ್ನು ಜಗತ್ತಿನ ಗಮನಕ್ಕೆ ತಂದಿತು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಗೋವಾ, ಕರ್ನಾಟಕದ ಕರೆಯಂಚಿನಲ್ಲಿ ತಳದ ನೀರು ಉಸಿರಾಟಕ್ಕೇ ಆಗದಂತಾಗುತ್ತದೆ. ಆಗ ಮೀನು ಮೇಲ್ಪದರದಲ್ಲಿ, ದಡದ ಹತ್ತಿರ ಒತ್ತೊತ್ತಾಗಿ ಸೇರುತ್ತದೆ. ಹಿಡಿಯುವವರಿಗೆ ಅದು ಸುಗ್ಗಿ, ಮೀನಿಗೆ ಇಕ್ಕಟ್ಟು. ಬಲೆಗೆ ಹೆಚ್ಚು ಬಿದ್ದ ವರ್ಷವನ್ನೆಲ್ಲ ಮೀನು ಹೆಚ್ಚಿದ ವರ್ಷ ಎಂದು ಓದಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಚೆನ್ನೈ ಕಡೆಯ ಬೂತಾಯಿ ಯಾಕೆ ಸಪ್ಪೆ?

1980ರ ದಶಕದ ನಡುವಿನವರೆಗೆ ಪೂರ್ವ ಕರಾವಳಿಯಲ್ಲಿ ಹೇಳಿಕೊಳ್ಳುವಷ್ಟು ಬೂತಾಯಿಯೇ ಸಿಗುತ್ತಿರಲಿಲ್ಲ. ಆಮೇಲೆ ತಮಿಳುನಾಡು, ಆಂಧ್ರದ ಬಲೆಗಳಲ್ಲಿ ಕಾಣಿಸಿಕೊಂಡು ಹೆಚ್ಚುತ್ತ ಹೋಯಿತು. ಬಂಗಾಳ ಕೊಲ್ಲಿಗೆ ದೊಡ್ಡ ನದಿಗಳೆಲ್ಲ ಸಿಹಿನೀರು ಸುರಿಯುವುದರಿಂದ ಅಲ್ಲಿ ಮೇಲಿನ ನೀರು, ಕೆಳಗಿನ ನೀರು ಸುಲಭವಾಗಿ ಬೆರೆಯುವುದಿಲ್ಲ. ಆಳದ ಸತ್ವ ಮೇಲಕ್ಕೆ ಬರುವುದು ಅರಬ್ಬೀ ಸಮುದ್ರಕ್ಕಿಂತ ಕಡಿಮೆ. ಮೇವಿನ ಆ ಭಾರೀ ಹಬ್ಬ ಅಲ್ಲಿಲ್ಲ, ಮೈಯಲ್ಲಿ ಅಷ್ಟು ಕೊಬ್ಬೂ ಕೂಡುವುದಿಲ್ಲ. ಸಪ್ಪೆ ಎನ್ನುವ ದೂರಿನ ಹಿಂದಿರುವುದು ಇಷ್ಟೇ.

ಓಮಾನ್‌ನಿಂದ ಬಂದ ಬೂತಾಯಿ ದೊಡ್ಡದಿತ್ತು, ಆದರೆ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಅದು ಬೇರೆ ಮೀನೇ?

ಜಾತಿ ಅದೇ, ಕುಲ ಬೇರೆ ಎನ್ನಬಹುದು. ಕೇರಳದಲ್ಲಿ ಮತ್ತಿಗೆ ಬರ ಬಂದ ವರ್ಷಗಳಲ್ಲಿ ಓಮಾನ್‌ನ ಮೀನು ಅಲ್ಲಿನ ಮಾರುಕಟ್ಟೆ ತುಂಬಿತ್ತು, ಇದೇ ದೂರು ಅಲ್ಲೂ ಕೇಳಿಬಂದಿತ್ತು. ಡಿಎನ್‌ಎ ಪರೀಕ್ಷೆಗಳ ಪ್ರಕಾರ ಓಮಾನ್ ಕಡಲಿನ ಬೂತಾಯಿ ಮತ್ತು ಭಾರತದ ಬೂತಾಯಿ ಬಹುಕಾಲದಿಂದ ಪ್ರತ್ಯೇಕವಾಗಿಯೇ ಸಂತಾನ ಬೆಳೆಸಿಕೊಂಡು ಬಂದಿವೆ. ಅಲ್ಲಿಯೂ ನೈಋತ್ಯ ಮಾರುತವೇ ಆಳದ ನೀರನ್ನು ಎಬ್ಬಿಸುತ್ತದೆ, ಅದೂ ನಮ್ಮಲ್ಲಿಗಿಂತ ಜೋರಾಗಿ. ಆದರೆ ಅಲ್ಲಿ ಹೇಳಿಕೊಳ್ಳುವಷ್ಟು ಮಳೆಯಿಲ್ಲ, ನದಿಯಿಲ್ಲ, ಹಾಗಾಗಿ ನೀರಿನ ಉಪ್ಪು ಕಡಿಮೆಯಾಗುವುದಿಲ್ಲ. ಧೋಫಾರ್ ಪ್ರಾಂತ್ಯದಲ್ಲಿ ಬೂತಾಯಿಯನ್ನು ಮರಳಿನ ಮೇಲೆ ಒಣಗಿಸಿ ಒಂಟೆಗಳಿಗೆ ತಿನ್ನಿಸುವ ಪದ್ಧತಿ ಹಳೆಯದು. ನಮ್ಮ ಊರಿನಲ್ಲಿ ತೆಂಗಿನ ಬುಡಕ್ಕೆ ಬೂತಾಯಿ ಹಾಕಿದವರು ಅವರನ್ನು ನೋಡಿ ನಗಬೇಕಿಲ್ಲ.

ಈಗ ಮಹಾರಾಷ್ಟ್ರ, ಗುಜರಾತಿನಲ್ಲೂ ಸಿಗುತ್ತದಂತೆ. ಮೀನು ವಲಸೆ ಹೋಯಿತೇ?

ಹರವು ಹಿಗ್ಗಿತು ಎನ್ನುವುದು ಸರಿ. 1985ಕ್ಕೆ ಮೊದಲು ಬಲೆಗೆ ಬೀಳುತ್ತಿದ್ದ ಬೂತಾಯಿಯ ಬಹುಪಾಲು 8 ಮತ್ತು 14 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಅಂದರೆ ಕೇರಳದಿಂದ ನಮ್ಮ ಕುಂದಾಪುರದ ಆಚೀಚೆವರೆಗೆ ಇತ್ತು. ಕಡಲಿನ ಮೇಲ್ನೀರು ಬಿಸಿಯಾಗುತ್ತ ಬಂದ ಹಾಗೆ 14ರಿಂದ 20 ಡಿಗ್ರಿಯ ಪಟ್ಟಿಯಲ್ಲೂ ಸಿಗುವ ಮೀನು ಹೆಚ್ಚಿತು. ದಕ್ಷಿಣದಲ್ಲಿ ಮೀನು ಕಡಿಮೆಯಾದ ವರ್ಷಗಳಲ್ಲಿ ಎಲ್ಲವೂ ಉತ್ತರಕ್ಕೆ ಓಡಿಹೋಯಿತು ಎಂಬ ಮಾತು ಬಂದರಿನ ಧಕ್ಕೆಯಲ್ಲಿ ಕೇಳಿಬರುತ್ತದೆ. ಅಲ್ಲಿ ಸಿಕ್ಕ ಪ್ರಮಾಣ ಇಲ್ಲಿನ ನಷ್ಟವನ್ನು ತುಂಬುವಷ್ಟಿರಲಿಲ್ಲ, ಆದ್ದರಿಂದ ಆ ವಾದ ನಿಲ್ಲುವುದಿಲ್ಲ.

## ಮೀನಿನ ಆರೋಗ್ಯ

ಮೀನು ಆರೋಗ್ಯವಾಗಿದೆ ಎಂದು ವಿಜ್ಞಾನಿಗಳು ಹೇಗೆ ಅಳೆಯುತ್ತಾರೆ?

ಮೊದಲ ಅಳತೆ ಉದ್ದಕ್ಕೆ ತಕ್ಕ ತೂಕ ಇದೆಯೇ ಎಂಬುದು. ತೂಕವನ್ನು ಗ್ರಾಮಿನಲ್ಲಿ ಬರೆದು ನೂರರಿಂದ ಗುಣಿಸಿ, ಸೆಂಟಿಮೀಟರಿನ ಉದ್ದದ ಘನದಿಂದ ಭಾಗಿಸಬೇಕು. 15 ಸೆಂ.ಮೀ. ಮೀನು 30 ಗ್ರಾಂ ತೂಗಿದರೆ 0.89, ಅದೇ ಉದ್ದದ್ದು 24 ಗ್ರಾಂ ಇದ್ದರೆ 0.71. ಎರಡನೆಯದು ಸೊರಗಿದ ಮೀನು. ಎರಡನೇ ಅಳತೆ ಅಂಡಾಶಯ ಅಥವಾ ವೀರ್ಯಚೀಲದ ತೂಕ ಇಡೀ ಮೈಯ ಶೇಕಡ ಎಷ್ಟು ಎಂಬುದು: 40 ಗ್ರಾಂ ಮೀನಿನಲ್ಲಿ 2 ಗ್ರಾಂ ಅಂಡಾಶಯವಿದ್ದರೆ ಶೇ 5. ಮೂರನೆಯದು ಕೊಬ್ಬಿನ ಪ್ರಮಾಣ.

ಈ ಮೂರನ್ನೂ ಒಟ್ಟಿಗೆ ಓದಬೇಕು. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನು ತೂಗುತ್ತದೆ, ಆದರೆ ಮಾಂಸದಲ್ಲಿ ಕೊಬ್ಬಿರುವುದಿಲ್ಲ. ಜುಲೈಯ ಮಲ್ಪೆಯ ಮೀನನ್ನು ನವೆಂಬರಿನ ಕೊಚ್ಚಿಯ ಮೀನಿಗೆ ಹೋಲಿಸಿ ಕರ್ನಾಟಕದ ಬೂತಾಯಿ ಸೊರಗಿದೆ ಎಂದು ಬರೆದವರಿದ್ದಾರೆ. ಅದು ಎರಡು ಕಡಲಿನ ವ್ಯತ್ಯಾಸವಲ್ಲ, ಎರಡು ತಿಂಗಳಿನ ವ್ಯತ್ಯಾಸ.

ಕಡಲಿನ ಮೀನಿಗೂ ಸಾಂಕ್ರಾಮಿಕ ರೋಗ ಬರುತ್ತದೆಯೇ?

ಬರುತ್ತದೆ, ಬಂದರೆ ಭಯಂಕರ. 1995ರ ಮಾರ್ಚ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕರೆಯಲ್ಲಿ ಸಾರ್ಡೀನ್‌ಗಳು ಸತ್ತು ತೇಲತೊಡಗಿದವು. ಸಾವು ಅಲ್ಲಿಂದ ಪೂರ್ವ, ಪಶ್ಚಿಮ ಎರಡೂ ದಿಕ್ಕಿಗೆ ಸಾವಿರಾರು ಕಿಲೋಮೀಟರ್ ಹಬ್ಬಿ ನ್ಯೂಜಿಲೆಂಡ್‌ವರೆಗೂ ಹೋಯಿತು. 1998ರಲ್ಲಿ ಮತ್ತೊಮ್ಮೆ ಬಂದು ಮರುವರ್ಷದವರೆಗೂ ಕಾಡಿತು. ಕಾರಣ ಕಿವಿರಿಗೆ ತಗಲುವ ಒಂದು ಹರ್ಪಿಸ್ ವೈರಸ್. ಉಸಿರುಕಟ್ಟಿ ಸತ್ತವುಗಳಲ್ಲಿ ಹೆಚ್ಚಿನವು 11 ಸೆಂ.ಮೀ.ಗಿಂತ ದೊಡ್ಡವು, ಅಂದರೆ ಮೊಟ್ಟೆಯಿಡಬೇಕಾದ ಪೀಳಿಗೆಯೇ. ಸಾಕಣೆಯ ಟ್ಯೂನಾ ಮೀನಿಗೆ ಮೇವಾಗಿ ತರಿಸಿದ ಹೆಪ್ಪುಗಟ್ಟಿಸಿದ ಸಾರ್ಡೀನ್‌ಗಳ ಜೊತೆ ವೈರಸ್ ಬಂತು ಎಂಬ ಗುಮಾನಿ ಬಲವಾಗಿತ್ತು, ಸಾಬೀತಾಗಲಿಲ್ಲ. ಚಿಕ್ಕ ಮೀನನ್ನು ಖಂಡದಿಂದ ಖಂಡಕ್ಕೆ ಸಾಗಿಸುವ ವ್ಯಾಪಾರದವರು ಈ ಕಥೆಯನ್ನು ಮರೆಯುವುದು ಒಳ್ಳೆಯದಲ್ಲ.

ಹುಳು, ಪಾದರಸ, ತುರಿಕೆ: ತಿನ್ನುವವರು ಹೆದರಬೇಕೇ?

ಪಾದರಸದ ಭಯ ಬೇಡ. ಆಹಾರ ಸರಪಳಿಯ ಕೆಳಹಂತದ್ದನ್ನು ತಿಂದು ಬೇಗ ಸಾಯುವ ಮೀನಿನಲ್ಲಿ ಅದು ಕೂಡಲು ಸಮಯವೇ ಇರುವುದಿಲ್ಲ. ಕರುಳಿನ ಹುಳುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ತುರಿಕೆ, ಮುಖ ಕೆಂಪಾಗುವುದು ಮಾತ್ರ ನಿಜವಾದ ತೊಂದರೆ: ಬೂತಾಯಿ, ಬಂಗುಡೆಗಳನ್ನು ಮಂಜುಗಡ್ಡೆಯಿಲ್ಲದೆ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.

ಮೀನು ಚಿಕ್ಕದಾಗುತ್ತಿದೆ ಎಂದರೆ ಹೆಚ್ಚು ಹಿಡಿದದ್ದೇ ಕಾರಣ, ಅಲ್ಲವೇ?

ಯಾವಾಗಲೂ ಅಲ್ಲ. ಇದಕ್ಕೆ ಫ್ರಾನ್ಸಿನ ಮೆಡಿಟರೇನಿಯನ್ ಕರೆಯ ಲಯನ್ಸ್ ಕೊಲ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಸಾರ್ಡೀನ್ 2008ರ ಸುಮಾರಿಗೆ ಕುಗ್ಗತೊಡಗಿತು. ಸರಾಸರಿ ಉದ್ದ 15 ಸೆಂ.ಮೀ.ನಿಂದ 11ಕ್ಕೆ, ತೂಕ 30 ಗ್ರಾಂನಿಂದ 10ಕ್ಕೆ ಇಳಿಯಿತು. ಎರಡು ವರ್ಷ ದಾಟಿದ ಮೀನುಗಳು ಕಾಣದಾದವು. ವಿಚಿತ್ರವೆಂದರೆ ಸಂಖ್ಯೆ ಕಡಿಮೆಯಾಗಿರಲಿಲ್ಲ. ಪುಟ್ಟ ಮೀನುಗಳು ಲೆಕ್ಕವಿಲ್ಲದಷ್ಟಿದ್ದವು. ಕೊಳ್ಳುವವರು ಮಾತ್ರ ಇರಲಿಲ್ಲ, ಮೀನುಗಾರಿಕೆಯೇ ಬಹುತೇಕ ನಿಂತಿತು.

ಫ್ರಾನ್ಸಿನ ಸಾಗರ ಸಂಶೋಧನಾ ಸಂಸ್ಥೆ ಇಫ್ರೆಮರ್ ಗುಮಾನಿಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಹೆಚ್ಚು ಹಿಡಿದದ್ದೇ? ಬಲೆಯ ಒತ್ತಡ ಅಷ್ಟಿರಲಿಲ್ಲ. ಟ್ಯೂನಾ, ಡಾಲ್ಫಿನ್ ತಿಂದವೇ? ಅವು ತಿನ್ನುವ ಪಾಲು ಸಣ್ಣದು. ವೈರಸ್ಸೇ, ಪರಾವಲಂಬಿಗಳೇ? ಇಡೀ ಹಿಂಡನ್ನು ಸೊರಗಿಸುವಂಥದ್ದೇನೂ ಸಿಗಲಿಲ್ಲ. ಉಳಿದದ್ದು ಮೇವು. ತೊಟ್ಟಿಯಲ್ಲಿ ಸಾರ್ಡೀನ್ ಸಾಕಿ, ಕೆಲವಕ್ಕೆ ದೊಡ್ಡ ಕಾಳಿನ ಆಹಾರ, ಕೆಲವಕ್ಕೆ ಪುಡಿಯಷ್ಟು ಸಣ್ಣ ಕಾಳಿನ ಆಹಾರ ಕೊಟ್ಟರು. ಸಣ್ಣ ಕಾಳು ತಿಂದವು ಅಷ್ಟೇ ಬೆಳೆಯಬೇಕಾದರೆ ಎರಡರಷ್ಟು ತಿನ್ನಬೇಕಾಯಿತು. ದೊಡ್ಡ ಪ್ಲವಕವನ್ನು ಸಾರ್ಡೀನ್ ಒಂದೊಂದಾಗಿ ಕಚ್ಚಿ ತಿನ್ನುತ್ತದೆ. ಸಣ್ಣದಾದರೆ ಬಾಯಿ ತೆರೆದುಕೊಂಡು ಬಿಡುವಿಲ್ಲದೆ ಈಜುತ್ತ ಸೋಸಬೇಕು. ಈಜುವುದರಲ್ಲೇ ಶಕ್ತಿ ಮುಗಿಯುತ್ತದೆ. ಕಡಲಿನಲ್ಲಿ ಪ್ಲವಕದ ಗಾತ್ರವೇ ಕುಗ್ಗಿತ್ತು.

ಸೊರಗಿದ ಆ ಮೀನುಗಳು ಮೊಟ್ಟೆಯಿಡುವುದನ್ನು ಬಿಡಲಿಲ್ಲ. ಮೊದಲಿಗಿಂತ ಚಿಕ್ಕ ಗಾತ್ರದಲ್ಲೇ ಬಲಿತು, ಇದ್ದಬದ್ದ ಕೊಬ್ಬನ್ನು ಮೊಟ್ಟೆಗೇ ಹಾಕಿದವು. ಚಳಿಗಾಲದ ಸಂತಾನ ಮುಗಿಯುವಾಗ ಮೈಯಲ್ಲಿ ಏನೂ ಉಳಿಯದೆ ದೊಡ್ಡವು ಸಾಯುತ್ತಿದ್ದವು ಎನ್ನುವುದು ಸಂಶೋಧಕರ ಅನುಮಾನ. ಮರಿಗಳ ಸಂಖ್ಯೆ ನೋಡಿ ಎಲ್ಲ ಸರಿಯಿದೆ ಎನ್ನುವವರಿಗೆ ಇದು ಒಳ್ಳೆಯ ಪಾಠ.

## ಏರಿಳಿತ, ಸಂತಾನ, ನಿಯಮ

2012ರ ನಂತರ ಬೂತಾಯಿ ಎಲ್ಲಿ ಮಾಯವಾಯಿತು?

2012ರಲ್ಲಿ ಕೇರಳವೊಂದರಲ್ಲೇ ಸುಮಾರು 3.9 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. ದೇಶದ ಒಟ್ಟು 7 ಲಕ್ಷ ಟನ್ ದಾಟಿತ್ತು. 2021ಕ್ಕೆ ಬಂದರೆ ಕೇರಳದ ಲೆಕ್ಕ 3,297 ಟನ್. ನೂರರಲ್ಲಿ ಒಂದು ಪಾಲೂ ಇಲ್ಲ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಶ್ಲೇಷಣೆಯಲ್ಲಿ ಎರಡು ಕಾರಣಗಳು ಒಂದರ ಮೇಲೊಂದು ಬಂದು ಬಿದ್ದದ್ದು ಕಾಣುತ್ತದೆ. ಮೊದಲು, ಸುಗ್ಗಿಯ ವರ್ಷಗಳಲ್ಲಿ ಮರಿ, ತಾಯಿ ಎನ್ನದೆ ಮಿತಿಮೀರಿ ಹಿಡಿದದ್ದು. ಆಮೇಲೆ, ಕಡಲು ಬಿಸಿಯಾದದ್ದು. 2015–16ರ ಬಲವಾದ ಎಲ್ ನಿನೊ (ಶಾಂತಸಾಗರದ ಮೇಲ್ನೀರು ವಿಪರೀತ ಬಿಸಿಯಾಗುವ ವಿದ್ಯಮಾನ) ಹೊತ್ತಿನಲ್ಲಿ ಮೇವಿನ ಲಯ ತಪ್ಪಿ, ಮೀನು ಸರಿಯಾಗಿ ಬೆಳೆಯಲಿಲ್ಲ, ಬಲಿಯುವುದು ಹಿಂದೆಬಿತ್ತು. ತಾಯಿಮೀನುಗಳು ಸಾಕಷ್ಟಿದ್ದಿದ್ದರೆ ಕೆಟ್ಟ ನೀರಿನ ಹೊಡೆತವನ್ನು ತಾಳಿಕೊಳ್ಳಬಹುದಿತ್ತು ಎಂಬುದು ನನ್ನ ಅಂದಾಜು. ನಮ್ಮ ಕಡೆ ಮೀನಿನ ಹುಡಿಯ ಕಾರ್ಖಾನೆಗಳು ಎಷ್ಟು ಸಣ್ಣ ಮೀನು ತಂದರೂ ಕೊಳ್ಳುವುದರಿಂದ, ಮರಿ ಹಿಡಿದವನಿಗೂ ನಷ್ಟವಾಗುವುದಿಲ್ಲ. ಮರಿಯನ್ನು ಬಿಟ್ಟುಬಂದವನಿಗೇ ನಷ್ಟ.

ಈಗ ಮತ್ತೆ ರಾಶಿ ರಾಶಿ ಸಿಗುತ್ತಿದೆ, ಆದರೆ ಕಿರುಬೆರಳಷ್ಟು. ಇದು ಒಳ್ಳೆಯ ಸುದ್ದಿಯೇ?

ಅರ್ಧ ಒಳ್ಳೆಯದು. ಕೇರಳದಲ್ಲಿ 2022ರಲ್ಲಿ 1.01 ಲಕ್ಷ ಟನ್, 2023ರಲ್ಲಿ 1.38 ಲಕ್ಷ, 2024ರಲ್ಲಿ 1.49 ಲಕ್ಷ ಟನ್ ಸಿಕ್ಕಿತು. ಮಳೆಗಾಲ ಅನುಕೂಲವಾಗಿ ಮರಿಗಳು ಭಾರೀ ಸಂಖ್ಯೆಯಲ್ಲಿ ಉಳಿದವು. ಉಳಿದವುಗಳಿಗೆಲ್ಲ ಹಂಚುವಷ್ಟು ಮೇವಿರಲಿಲ್ಲ, ಮೀನು ಬೆಳೆಯಲಿಲ್ಲ, ಬೆಲೆ ನೆಲಕಚ್ಚಿತು. ಸಂಖ್ಯೆ ಹೆಚ್ಚಾದಾಗ ಮೈ ಕುಗ್ಗುವುದು ಈ ಜಾತಿಗಳಲ್ಲಿ ಹೊಸದಲ್ಲ. ಲಯನ್ಸ್ ಕೊಲ್ಲಿಯ ಕಥೆಯ ಹಾಗೆ ಇದು ವರ್ಷಗಟ್ಟಲೆ ಎಳೆಯುತ್ತದೆಯೇ ಎಂದು ತಿಳಿಯಬೇಕಾದರೆ ಟನ್ನುಗಳ ಲೆಕ್ಕ ಸಾಲದು. ಉದ್ದ, ತೂಕ, ಕೊಬ್ಬಿನ ಲೆಕ್ಕ ಬೇಕು.

ಎಲ್ಲ ಚಿಕ್ಕ ಮೀನುಗಳೂ ಕೊಬ್ಬು ಕೂಡಿಟ್ಟು ಮೊಟ್ಟೆಯಿಡುತ್ತವೆಯೇ?

ಇಲ್ಲ, ಎರಡು ದಾರಿಗಳಿವೆ. ಯುರೋಪಿನ ಅಟ್ಲಾಂಟಿಕ್ ಕರೆಯ ಸಾರ್ಡೀನ್ ಬೇಸಿಗೆಯಲ್ಲಿ ತಿಂದು ಕೊಬ್ಬಿ, ಮೇವಿಲ್ಲದ ಚಳಿಗಾಲದಲ್ಲಿ ಮೊಟ್ಟೆಯಿಡುತ್ತದೆ: ಬ್ಯಾಂಕಿನ ಉಳಿತಾಯ ತೆಗೆದು ಮದುವೆ ಮಾಡಿದ ಹಾಗೆ. ಅದೇ ಕಡಲಿನ ಆ್ಯಂಚೊವಿ, ನಮ್ಮ ಕೊಲ್ಲತರುವಿನ ಬಂಧು, ವಸಂತ ಬೇಸಿಗೆಗಳಲ್ಲಿ ಅಂದು ತಿಂದದ್ದನ್ನು ಅಂದೇ ಮೊಟ್ಟೆಗೆ ಹಾಕುತ್ತ ಕೆಲವೇ ದಿನಗಳಿಗೊಮ್ಮೆ ಒಂದು ಕಂತು ಬಿಡುತ್ತದೆ. ಮೊದಲನೆಯದಕ್ಕೆ ಹಿಂದಿನ ಋತು ಕೆಟ್ಟರೆ ಪೆಟ್ಟು, ಎರಡನೆಯದಕ್ಕೆ ಈಗಿನ ಋತು ಕೆಟ್ಟರೆ ಪೆಟ್ಟು.

ನಮ್ಮ ಬೂತಾಯಿ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಕೂಡಿಟ್ಟ ಕೊಬ್ಬು ಬಳಸುತ್ತದೆ, ಆದರೆ ಮೊಟ್ಟೆಯಿಡುವುದು ಮೇವು ಹುಟ್ಟುವ ಮಳೆಗಾಲದಲ್ಲೇ. ಹಾಗಾಗಿ ಯುರೋಪಿನ ಸಾರ್ಡೀನ್ ಬಗ್ಗೆ ಓದಿದ ತೀರ್ಮಾನವನ್ನು ಹಾಗೆಯೇ ಎತ್ತಿ ಮಲ್ಪೆಗೆ ತರಬಾರದು.

61 ದಿನದ ನಿಷೇಧ ಸಾಕೇ?

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14. ನಮ್ಮ ನಿಷೇಧ ಬೂತಾಯಿಯ ಸಂತಾನಕಾಲದ ಮೇಲೆ ಬಹುಮಟ್ಟಿಗೆ ಸರಿಯಾಗಿಯೇ ಕೂರುತ್ತದೆ. ಆದರೆ ಮಳೆ ತಡವಾದ ವರ್ಷ ಮೊಟ್ಟೆಯೂ ತಡ, ಕ್ಯಾಲೆಂಡರ್ ಮಾತ್ರ ಕದಲುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲೇ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಇಳಿದು ಮೊಟ್ಟೆ ತುಂಬಿದ ಮೀನನ್ನು ಬಳಿದು ತಂದರೆ ನಿಷೇಧದ ಫಲ ಅಲ್ಲಿಗೆ ಅರ್ಧವಾಯಿತು.

ಪೆರುವಿನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿನ ಆ್ಯಂಚೊವೆಟಾ ಜಗತ್ತಿನಲ್ಲೇ ಅತಿ ಹೆಚ್ಚು ಹಿಡಿಯುವ ಮೀನುಗಳಲ್ಲಿ ಒಂದು. 1970ರಲ್ಲಿ ಒಂದು ಕೋಟಿ ಟನ್ ದಾಟಿದ್ದು 1972ರ ಎಲ್ ನಿನೊ ಹೊತ್ತಿಗೆ ಕುಸಿದುಬಿತ್ತು. ಅದರಿಂದ ಪಾಠ ಕಲಿತವರು ಈಗ ಮೊದಲು ಸಂಶೋಧನಾ ಹಡಗು ಕಳಿಸಿ ಹಿಂಡನ್ನು ಅಳೆಯುತ್ತಾರೆ, ಅಂಡಾಶಯದ ತೂಕ ನೋಡುತ್ತಾರೆ, ಆಮೇಲೆ ಋತು ತೆರೆಯುತ್ತಾರೆ. ಉತ್ತರ ಮತ್ತು ಮಧ್ಯ ಪೆರುವಿನ ಹಿಂಡಿಗೆ ಒಂದು ಲೆಕ್ಕ, ದಕ್ಷಿಣದ ಹಿಂಡಿಗೆ ಇನ್ನೊಂದು. 12 ಸೆಂ.ಮೀ.ಗಿಂತ ಚಿಕ್ಕ ಮೀನಿನ ಪಾಲು ಶೇ 10 ದಾಟಿದರೆ ಆ ಜಾಗವನ್ನು ಮುಚ್ಚುತ್ತಾರೆ. 2023ರಲ್ಲಿ ಮರಿಗಳೇ ಹೆಚ್ಚು ಕಂಡಾಗ ಉತ್ತರ ಮತ್ತು ಮಧ್ಯ ಭಾಗದ ಮೊದಲ ಋತುವನ್ನೇ ರದ್ದು ಮಾಡಿದರು. ದೊಡ್ಡ ಕಂಪನಿಗಳ ಮೀನುಗಾರಿಕೆಯಲ್ಲಿ ಇದು ಸಾಧ್ಯ. ನಾಡದೋಣಿಯಿಂದ ಪರ್ಸೀನ್‌ವರೆಗೆ ಸಾವಿರಾರು ಮನೆಗಳು ನಂಬಿಕೊಂಡಿರುವ ನಮ್ಮ ಕರಾವಳಿಯಲ್ಲಿ ನಾಳೆಯೇ ಜಾರಿಗೆ ಬರುವ ಮಾತಲ್ಲ. ಆದರೂ ಜುಲೈ ಕೊನೆಯಲ್ಲಿ ಒಂದು ವಾರ ಮೀನಿನ ಹೊಟ್ಟೆ ಕುಯ್ದು ನೋಡಿ, ಬೇಕಾದರೆ ನಿಷೇಧವನ್ನು ಇನ್ನೂ ಹತ್ತು ದಿನ ಮುಂದುವರಿಸುವಷ್ಟು ಸಡಿಲ ನಿಯಮ ನಮಗೂ ಬೇಕು.

10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದು ಎಂಬ ಕೇರಳದ ನಿಯಮ ಸರಿಯಿದೆಯೇ?

2015ರಲ್ಲಿ ಬಂದ ನಿಯಮ ಅದು, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ 10 ಸೆಂ.ಮೀ. ಮೀನು ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ಅದಕ್ಕೆ 14–15 ಸೆಂ.ಮೀ. ಆಗಬೇಕು. ಮಿತಿಯನ್ನು ಅಷ್ಟಕ್ಕೇರಿಸಿದರೆ ನಾಡದೋಣಿಯವರ ಬಲೆಗೆ ಹಲವು ತಿಂಗಳು ಏನೂ ದಕ್ಕುವುದಿಲ್ಲ, ಆದ್ದರಿಂದ ಇದೊಂದು ರಾಜಿ. ಸೊರಗಿದ ಮೀನು ಚಿಕ್ಕ ಗಾತ್ರದಲ್ಲೇ ಬಲಿಯಬಹುದು ಎಂಬುದನ್ನು ಮೇಲೆ ನೋಡಿದೆವು. ಹಾಗಾದಾಗ ಒಂದೇ ಅಳತೆಗೋಲು ಎಲ್ಲ ವರ್ಷಕ್ಕೂ ಎಲ್ಲ ಕರೆಗೂ ಹೊಂದುವುದಿಲ್ಲ.

ಡಿಎನ್‌ಎಯಿಂದ ಯಾವ ಹಿಂಡು ಯಾವ ಕಡಲಿನದು ಎಂದು ತಿಳಿಯುವುದಾದರೂ ಹೇಗೆ, ತಿಳಿದು ಏನು ಲಾಭ?

2023ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬೂತಾಯಿಯ ಪೂರ್ಣ ಜೀನೋಮನ್ನು ಬಿಡಿಸಿಟ್ಟಿತು. ಅದರಲ್ಲಿ 46,316 ಜೀನುಗಳನ್ನು ಗುರುತಿಸಿದೆ. ಬಿಸಿ, ಉಪ್ಪು, ಆಮ್ಲಜನಕದ ಕೊರತೆಗಳಿಗೆ ಸಂಬಂಧಿಸಿದ ಜೀನುಗಳಲ್ಲಿ ಒಂದು ಕರೆಯ ಮೀನಿಗೂ ಇನ್ನೊಂದು ಕರೆಯ ಮೀನಿಗೂ ಇರುವ ಭೇದವನ್ನು ಹುಡುಕಲು ಈಗ ದಾರಿ ತೆರೆದಿದೆ.

ಲಾಭ ಏನೆಂದು ದಕ್ಷಿಣ ಆಫ್ರಿಕಾ ತೋರಿಸಿದೆ. ಅಲ್ಲಿ ಪ್ರತಿ ಜೂನ್, ಜುಲೈಯಲ್ಲಿ ಸಾರ್ಡೀನ್‌ಗಳ ಮಹಾ ಹಿಂಡು ಪೂರ್ವ ಕರೆಯಗುಂಟ ಬಡಗಣಕ್ಕೆ ನುಗ್ಗುತ್ತದೆ. ಶಾರ್ಕ್, ಡಾಲ್ಫಿನ್, ಗ್ಯಾನೆಟ್ ಹಕ್ಕಿಗಳು ಮುಗಿಬೀಳುತ್ತವೆ. ಹಿಂದೂ ಮಹಾಸಾಗರದ ಬೆಚ್ಚಗಿನ ನೀರಿನ ಹಿಂಡು ಮೊಟ್ಟೆಯಿಡಲು ಹೋಗುತ್ತದೆ ಎಂದು ಕೆಲವರು ನಂಬಿದ್ದರು. 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತಿರುಗುಮುರುಗಾದ ಉತ್ತರ ಕೊಟ್ಟಿತು: ಹೋಗುವವು ಅಟ್ಲಾಂಟಿಕ್ ಬದಿಯ ತಣ್ಣೀರಿಗೆ ಹೊಂದಿಕೊಂಡ ಮೀನುಗಳು. ತಾತ್ಕಾಲಿಕವಾಗಿ ಮೇಲೆದ್ದ ತಣ್ಣೀರನ್ನು ನಂಬಿ ಬಂದು, ಆ ನೀರು ಮುಗಿದಾಗ ತಮಗೆ ಒಗ್ಗದ ಬಿಸಿನೀರಿನಲ್ಲಿ ಸಿಕ್ಕಿಬೀಳುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಹಿಂಡುಗಳಲ್ಲಿ ಯಾವುದು ಸಾಯುತ್ತಿದೆ ಎಂದು ತಿಳಿಯದೆ ಯಾವುದನ್ನು ಎಷ್ಟು ಹಿಡಿಯಬಹುದು ಎಂದು ಹೇಗೆ ಹೇಳುವುದು?

ನಾನು ಕಾಲೇಜು ವಿದ್ಯಾರ್ಥಿ. ಪ್ರಯೋಗಾಲಯವಿಲ್ಲದೆ ಇದನ್ನೆಲ್ಲ ಅಳೆಯಬಹುದೇ?

ಧಾರಾಳವಾಗಿ. ಒಂದು ಅಳತೆಪಟ್ಟಿ, ಒಂದು ದಶಮಾಂಶದವರೆಗೆ ತೋರಿಸುವ ಅಡುಗೆ ತಕ್ಕಡಿ, ಕತ್ತರಿ, ನೋಟ್‌ಬುಕ್ ಸಾಕು. ಒಂದೇ ಬಂದರಿನಿಂದ, ಒಂದೇ ಬಗೆಯ ಬಲೆಯ ಮೀನನ್ನು, ಆರಿಸದೆ ತೆಗೆದುಕೊಳ್ಳಿ. ದೊಡ್ಡದನ್ನೇ ಹೆಕ್ಕಿದರೆ ಲೆಕ್ಕ ಕೆಡುತ್ತದೆ. ಮೂತಿಯಿಂದ ಬಾಲದ ತುದಿಯವರೆಗೆ ಉದ್ದ, ಒರೆಸಿದ ಮೇಲಿನ ತೂಕ, ಹೊಟ್ಟೆ ಕುಯ್ದು ಅಂಡಾಶಯದ ತೂಕ ಬರೆಯಿರಿ. ಅಂಡಾಶಯ ನೂಲಿನಂತೆ ಸಪೂರವಾಗಿ, ಪಾರದರ್ಶಕವಾಗಿದ್ದರೆ ಎಳೆಯದು. ಹಳದಿ ಕಾಳು ಬರಿಗಣ್ಣಿಗೆ ಕಂಡರೆ ಬಲಿಯುತ್ತಿದೆ. ಕಾಳು ತಿಳಿಯಾಗಿ ಒತ್ತಿದರೆ ಹೊರಬರುವಂತಿದ್ದರೆ ಇಂದೋ ನಾಳೆಯೋ ಬಿಡುತ್ತಿತ್ತು. ಜೋತುಬಿದ್ದು ರಕ್ತದ ಬಣ್ಣವಿದ್ದರೆ ಮೊಟ್ಟೆ ಬಿಟ್ಟಾಗಿದೆ. ಕರುಳಿನ ಸುತ್ತ ಬಿಳಿ ಕೊಬ್ಬು ಇದೆಯೇ ಇಲ್ಲವೇ ಎಂದೂ ಗುರುತು ಹಾಕಿ. ಮೀನು ಹಿಡಿದ ಜಾಗವನ್ನು ಬೋಟು ನಡೆಸುವ ತಂಡೇಲರನ್ನು ಕೇಳಿ ಬರೆದುಕೊಳ್ಳಿ, ಬಂದರಿನ ಹೆಸರಲ್ಲ. ಮಲ್ಪೆಗೆ ಬಂದ ಮೀನು ಭಟ್ಕಳದ ಆಚೆ ಬಲೆಗೆ ಬಿದ್ದದ್ದಿರಬಹುದು. ಮಂಜುಗಡ್ಡೆಯಲ್ಲಿ ದಿನಗಟ್ಟಲೆ ಇಟ್ಟ ಮೀನು ಬೇಡ, ತೂಕವೂ ಅಂಡಾಶಯದ ಬಣ್ಣವೂ ನಂಬಿಕೆಗೆ ಸಾಲುವುದಿಲ್ಲ.